ಹೊಡೆಯದೇ ಬಿಟ್ಟ ಎರಡು ಪೆಟ್ಟು

ಗಜೇಂದ್ರಗಡದ ಒಂದು ಬ್ಯಾಂಡ್ ಕಂಪನಿಯಲ್ಲಿ ನಾನು ಹದಿನಾಲ್ಕು ವರ್ಷ ಡ್ರಮ್ ಬಾರಿಸಿದೆ. ಅಲ್ಲಿ ಕ್ಲಾರ್ನೆಟ್ ನುಡಿಸುತ್ತಿದ್ದವರು ನನಗಿಂತ ಮೂವತ್ತು ವರ್ಷ ದೊಡ್ಡವರು. ಊರಿಗೆಲ್ಲ ಅವರು ಉಸ್ತಾದರು. ನನ್ನ ಕೈಗೆ ತಾಳ ಕೂಡಿಸಿದವರೂ ಅವರೇ. ಮದುವೆಯ ಮೆರವಣಿಗೆಯಲ್ಲಿ ನಾನು ಎಷ್ಟು ತಪ್ಪಿದರೂ ಅಲ್ಲಿ ಒಂದು ಮಾತು ಆಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಚಹಾದಂಗಡಿಯಲ್ಲಿ ಕೂಡಿಸಿಕೊಂಡು, ಬಶಿಗೆ ಚಹಾ ಸುರುವಿಕೊಳ್ಳುತ್ತ, "ತಾಳ ಮದಿಮಗನ ಕುದರಿ ನಡದಂಗ ನಡೀಬೇಕಲೇ. ನೀ ನೊಗಾ ಬಿಚ್ಚಿದ ಎತ್ತಿನಂಗ ಓಡಿದಿ" ಅನ್ನುತ್ತಿದ್ದರು. ಮನಸ್ಸಿಗೆ ಚುರುಕ್ ಅನ್ನುತ್ತಿತ್ತು. ಆದರೆ ಮುಂದಿನ ಮದುವೆಯ ಹೊತ್ತಿಗೆ ಕೈ ಸುಧಾರಿಸಿರುತ್ತಿತ್ತು.

ನಮ್ಮಲ್ಲಿ ಒಂದು ರೂಢಿಯಿತ್ತು. ಊದುವವರ ಸುರ ಬಿದ್ದರೆ ಡ್ರಮ್ಮಿನವನು ಕಡ್ಡಿಯಿಂದ ಡ್ರಮ್ಮಿನ ಅಂಚಿಗೆ ಎರಡು ಸಲ ಬಡಿಯಬೇಕು. ಬೀಗರಿಗೆ ಅದೂ ತಾಳದಂತೆಯೇ ಕೇಳುತ್ತದೆ. ಊದುವವನಿಗೆ ಮಾತ್ರ ತನ್ನ ತಪ್ಪು ತಿಳಿಯುತ್ತದೆ.

ಮೊಬೈಲು ಆಗತಾನೆ ಎಲ್ಲರ ಕಿಸೆಗೂ ಬರುತ್ತಿದ್ದ ಕಾಲ. ಉಸ್ತಾದರ ಮೇಲಿನ ಎರಡು ಹಲ್ಲು ಬಿದ್ದವು. ಕ್ಲಾರ್ನೆಟ್ಟಿನ ಮೂತಿಯನ್ನು ಅಲುಗದಂತೆ ಹಿಡಿಯುವುದೇ ಆ ಹಲ್ಲು. ದವಾಖಾನೆಯಲ್ಲಿ ಹಲ್ಲು ಕಟ್ಟಿಸಿಕೊಂಡು ಬಂದ ದಿನ ನನ್ನೊಬ್ಬನನ್ನೇ ಕರೆದರು.

"ಈ ಕಟ್ಟಿಸಿದ ಹಲ್ಲಿಂದ ನನ್ನ ಸುರ ನನಗ ನೆಟ್ಟಗ ಕೇಳಂಗಿಲ್ಲ. ಇನ್ನ ಮ್ಯಾಲ ನನ್ನ ಕಿವಿ ನೀನ. ಜನ ನಗೂಕಿಂತ ಮೊದಲ ನಾ ವಾದ್ಯ ಕೆಳಗಿಡಬೇಕು. ಸುರ ಬಿದ್ರ ಬಡಿ, ಮುಲಾಜ ನೋಡಬ್ಯಾಡ."

ಹೂಂ ಎಂದು ಮಾತು ಕೊಟ್ಟೆ.

ರಾಜೂರಿನ ಮದುವೆಯಲ್ಲಿ ಮೇಲಿನ ಸುರ ಒಡೆಯಿತು. ಕಡ್ಡಿ ಎತ್ತಿದೆ. ಉಸ್ತಾದರು ಕಣ್ಣು ಮುಚ್ಚಿಕೊಂಡು, ಎಲ್ಲ ಮೊದಲಿನಂತೆಯೇ ಇದೆ ಎಂಬ ಖುಷಿಯಲ್ಲಿ ಊದುತ್ತಿದ್ದರು. ಅಂಚಿಗೆ ಬಡಿಯಲಾಗಲಿಲ್ಲ. ಬದಲಿಗೆ ಅವರ ಸುರ ಮುಚ್ಚಿಹೋಗುವಂತೆ ಡ್ರಮ್ಮನ್ನೇ ಜೋರಾಗಿ ಬಾರಿಸಿದೆ. ಚಹಾ ಕುಡಿಯುವಾಗ ಹೇಗಾಯಿತೆಂದು ಕೇಳಿದರು. ಚಲೋ ಆತ್ರಿ ಅಂದೆ. ಮುಶಿಗೇರಿಯಲ್ಲೂ ಅದನ್ನೇ ಮಾಡಿದೆ, ಅದನ್ನೇ ಹೇಳಿದೆ. ಕಂಡದ್ದಾಡಿದರೆ ಕೆಂಡದಂಥ ಕೋಪ ಅನ್ನುತ್ತಿದ್ದಳು ನಮ್ಮಜ್ಜಿ. ಉಸ್ತಾದರಿಗೆ ಕೋಪ ಬರುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕೆಟ್ಟವನಾಗುವುದು ನನಗೇ ಬೇಕಿರಲಿಲ್ಲ. ಅದಕ್ಕೆ ಕನಿಕರ ಎಂದು ಹೆಸರಿಟ್ಟುಕೊಂಡಿದ್ದೆ.

ಆಮೇಲೆ ನರಗುಂದದಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಮಗನ ಮದುವೆ. ಮುಂಜಾನೆಯ ಮೆರವಣಿಗೆ, ಓಣಿ ತುಂಬ ಜನ. ಎತ್ತರದ ಸುರಕ್ಕೆ ಹೋದ ಕ್ಲಾರ್ನೆಟ್ಟು ಕುಂಯ್ ಎಂದಿತು. ವರನ ಗೆಳೆಯನೊಬ್ಬ ಮೂಗು ಹಿಡಿದುಕೊಂಡು ಹಾಗೆಯೇ ಕೂಗಿದ. ಕುಣಿಯುವವರು ನಿಂತು ನಕ್ಕರು. ಇನ್ನೊಬ್ಬ, "ಮುತ್ಯಾ, ನಾಯಿಮರಿ ತುಳದಿ ಏನೋ, ಕಾಲಾಗ ನೋಡ್ಕೊ" ಅಂದ. ನಾನು ಜೋರಾಗಿ ಬಾರಿಸುತ್ತಲೇ ಇದ್ದೆ. ಉಸ್ತಾದರು ವಾದ್ಯ ಇಳಿಸಿ ನನ್ನತ್ತ ನೋಡಿದರು. ಉಳಿದ ದಾರಿಯನ್ನು ಟ್ರಂಪೆಟ್ಟಿನವನು ಹೇಗೋ ಸಾಗಿಸಿದ.

ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಅವರೇ ಮಾತು ತೆಗೆದರು.

"ಇದು ಇವತ್ತಿಂದೇನು?"

ಸುಳ್ಳು ಬಾಯಿಯವರೆಗೂ ಬಂದಿತ್ತು. ನುಂಗಿಕೊಂಡು, ಇಲ್ರಿ, ಮೊದಲಿಂದೂ ಐತ್ರಿ, ಅಂದೆ.

"ಮುಶಿಗೇರ್ಯಾಗ?"

"ಹೌದ್ರಿ."

"ರಾಜೂರಾಗೂ?"

ತಲೆಯಾಡಿಸಿದೆ.

"ಅಲ್ಲಿ ಯಾರೂ ನಗಲಿಲ್ಲಲ್ಲ."

"ನಾ ಜೋರ ಬಾರಿಸಿದ್ನಿರಿ. ಯಾರಿಗೂ ಕೇಳಸ್ಲಿಲ್ಲ."

ಅವರ ಬಶಿಯಲ್ಲಿನ ಚಹಾ ಕೆನೆಗಟ್ಟಿತು.

"ನಾ ನಿನ್ನ ತಪ್ಪು ಒಂದರ ಮುಚ್ಚಿದ್ನೇನು, ತಮ್ಮಾ?" ಅಂದರು.

ಅಷ್ಟೇ. ನಾಲ್ಕು ಜನರ ಮುಂದೆ ಬೈದಿದ್ದರೂ ಹಗುರಾಗುತ್ತಿತ್ತು.

ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ರೋಣ ಬಂದಾಗ ವಾದ್ಯದ ಪೆಟ್ಟಿಗೆ ಹಿಡಿದು ಎದ್ದರು. ಇಲ್ಲಿ ಒಬ್ಬರನ್ನು ಕಾಣುವುದಿದೆ, ನೀವು ಮುಂದೆ ನಡೆಯಿರಿ ಎಂದು ಎಲ್ಲರಿಗೂ ಹೇಳಿದರು. ರೋಣದಲ್ಲಿ ಅವರಿಗೆ ಯಾರೂ ಇರಲಿಲ್ಲ. ನಮ್ಮ ಸಂಗಡ ಊರಲ್ಲಿ ಇಳಿಯುವುದು ಬೇಕಿರಲಿಲ್ಲ. ಅಂದಿನಿಂದ ಅವರು ಕಂಪನಿಗೆ ಬರಲೂ ಇಲ್ಲ.

ನಾನೂ ಇಳಿಯಬೇಕಿತ್ತು. ಎದ್ದೆ ಕೂಡ. ಡ್ರಮ್ಮನ್ನು ಬಸ್ಸಿನ ಮೇಲೆ ಹಗ್ಗದಿಂದ ಕಟ್ಟಿದ್ದೆವು. ಬಿಚ್ಚಲು ಹೊತ್ತಾಗುತ್ತದೆ, ಕಂಡಕ್ಟರ್ ಬೈಯುತ್ತಾನೆ ಎಂದುಕೊಂಡು ಮತ್ತೆ ಕೂತೆ. ಬಸ್ಸು ತಿರುಗುವಾಗ ನೋಡಿದರೆ ಉಸ್ತಾದರು ನಿಲ್ದಾಣದ ಕಟ್ಟೆಯ ಮೇಲೆ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಜೇಂದ್ರಗಡದ ಮುಂದಿನ ಬಸ್ಸಿಗೆ ಕಾಯುತ್ತ ಕೂತಿದ್ದರು.