ಬಾಣದ ಗುರುತುಗಳು ಬರುವ ಮೊದಲು

ಆ ಚಳಿಗಾಲವಿಡೀ ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲಿ ಖಾರಾಬಾತ್ ಆಗುತ್ತಿತ್ತು. ದೊಡ್ಡ ಡಬ್ಬಿಗೆ ಅದನ್ನು ತುಂಬಿ, ಫ್ಲಾಸ್ಕಿಗೆ ಟೀ ಹಾಕಿ, ನಮ್ಮ ಯಜಮಾನರಿಗೆ ಉಣ್ಣೆಯ ಕಾಲುಚೀಲ ಹುಡುಕಿಕೊಟ್ಟು, ಇಲ್ಲಿ ಇಂಗ್ಲೆಂಡಿನಲ್ಲಿ, ವುಲ್ವರ್‌ಹ್ಯಾಂಪ್ಟನ್ನಿನ ಅಂಚಿನಲ್ಲಿದ್ದ ಒಂದು ಕೆಸರು ಮೈದಾನಕ್ಕೆ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಅಲ್ಲಿ ಡಿಸ್ಕ್ ಗಾಲ್ಫ್ ಕೋರ್ಸ್ ತಯಾರಾಗುತ್ತಿತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಗಾಲ್ಫಿನಂಥದೇ ಆಟ. ಚೆಂಡಿನ ಬದಲು ತಿಂಡಿತಟ್ಟೆಯಷ್ಟು ದೊಡ್ಡ ಪ್ಲಾಸ್ಟಿಕ್ ಡಿಸ್ಕನ್ನು ಬೀಸಿ ಎಸೆಯಬೇಕು. ಕುಳಿಯ ಬದಲು ಕಂಬಕ್ಕೆ ಕೂರಿಸಿದ ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ಡಿಸ್ಕು ಸರಪಳಿಗೆ ತಗುಲಿ ಬುಟ್ಟಿಗೆ ಬಿದ್ದರೆ ಅಲ್ಲಿಗೆ ಅದು ಮುಗಿಯಿತು, ಮುಂದಿನ ಬುಟ್ಟಿಗೆ ನಡೆಯಬೇಕು. ಹೀಗೆ ಹದಿನೆಂಟು.

ನಮ್ಮನ್ನು ಅಲ್ಲಿಗೆ ಕರೆದವನು ಟಿವಿಡೇಲ್ ಬಾಲಾಜಿ ದೇವಸ್ಥಾನದಲ್ಲಿ ಪರಿಚಯವಾದ ಬೆಂಗಳೂರಿನ ಹುಡುಗ, ಇಂಜಿನಿಯರ್. ಹುಡುಗ ಅಂದರೆ ಅವನಿಗೂ ನಲವತ್ತಾಗಿದೆ, ನಮಗೆ ಹುಡುಗ. ನನ್ನನ್ನು ಅಕ್ಕ ಅನ್ನುತ್ತಾನೆ, ಇವರನ್ನು ಡಾಕ್ಟ್ರೇ ಅನ್ನುತ್ತಾನೆ. ಕೌನ್ಸಿಲ್‌ನವರು ಜಾಗ ಕೊಟ್ಟಿದ್ದರು, ಮುಳ್ಳು ಕಡಿಯುವುದು, ಕಂಬ ನೆಡುವುದು ಎಲ್ಲ ಆಟಗಾರರೇ ಮಾಡಿಕೊಳ್ಳಬೇಕಿತ್ತು. ಅದರ ಯಜಮಾನಿಕೆ ಇವನದು.

"ರಜ ಹಾಕಿ ಮನೇಲಿ ಕೂತು ಏನ್ಮಾಡ್ತೀರಾ ಡಾಕ್ಟ್ರೇ? ಬಂದು ನಮ್ಮ ಜೊತೆ ಮುಳ್ಳು ಕಡೀರಿ," ಎಂದಿದ್ದ, ದೇವಸ್ಥಾನದ ಪುಳಿಯೋಗರೆ ತಿನ್ನುತ್ತಾ.

ರಜ ಎಂದೇ ಎಲ್ಲರಿಗೂ ಹೇಳಿದ್ದೆವು. ಬೆನ್ನುನೋವು, ಆಸ್ಪತ್ರೆಯಿಂದ ಉದ್ದನೆಯ ರಜ. ನಿಜ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮತ್ತು ಲೀಡ್ಸ್‌ನಲ್ಲಿರುವ ಮಗಳಿಗೆ. ಅರವತ್ತು ಇನ್ನೂ ದೂರವಿರುವಾಗಲೇ ಇವರಿಗೆ ಮರೆವಿನ ಕಾಯಿಲೆ ಹಿಡಿದಿತ್ತು. ಕ್ಲಿನಿಕ್ಕಿನಲ್ಲಿ ಕಾಗದ ಕೊಟ್ಟು ಗಡಿಯಾರ ಬಿಡಿಸಿ ಎಂದಾಗ ನಕ್ಕರು. "ಇದನ್ನ ಎಷ್ಟೋ ಜನರ ಕೈಲಿ ನಾನೇ ಬರೆಸಿದ್ದೀನಿ," ಎಂದರು. ಬಿಡಿಸಿ ಮುಗಿಸಿದಾಗ ಅಂಕಿಗಳೆಲ್ಲ ಗಡಿಯಾರದ ಒಂದೇ ಪಕ್ಕಕ್ಕೆ ಬಂದು ಕೂತಿದ್ದವು. ಅದನ್ನು ನೋಡಿ ಅಲ್ಲಿನ ಡಾಕ್ಟರು ಬಾಯಿ ಬಿಡುವ ಮೊದಲೇ ಇವರಿಗೆ ಅರ್ಥವಾಗಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಒಂದೇ ಮಾತು ಕೇಳಿದರು. "ನಮ್ಮ ಜನಕ್ಕೆ ಹೇಳಬೇಡ ಕಣೇ. ಗೊತ್ತಾದ ದಿನದಿಂದ ಯಾರೂ ನನ್ನ ಹತ್ತಿರ ಮಾತಾಡಲ್ಲ, ನನ್ನ ವಿಷಯ ನಿನ್ನ ಹತ್ತಿರ ಮಾತಾಡ್ತಾರೆ. ಇನ್ನೊಂದಿಷ್ಟು ದಿನ ನಾನು ಡಾಕ್ಟರಾಗೇ ಇರ್ತೀನಿ."

ಹೂಂ ಅಂದೆ. ಅನ್ನುವುದು ಸುಲಭ. ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಬಿಟ್ಟ ಜಾಗ ಮರೆತು ಚಳಿಯಲ್ಲಿ ಬರಿಗಾಲಲ್ಲಿ ನಿಂತಿರುತ್ತಿದ್ದರು. ಲೆಸ್ಟರ್‌ನಲ್ಲಿ ಸ್ನೇಹಿತರ ಮನೆಯಲ್ಲಿ ಬಾತ್‌ರೂಮಿಗೆಂದು ಎದ್ದವರು ಮತ್ತೆ ಮತ್ತೆ ಅಡುಗೆಮನೆಗೇ ಬಂದರು. ಆ ಮನೆಯಾಕೆ ಸೌಟು ಹಿಡಿದುಕೊಂಡು ನನ್ನ ಮುಖ ನೋಡಿದಳು. ಅಲ್ಲಿಗೆ ಹೋಗುವುದನ್ನು ಬಿಟ್ಟೆವು. ಹೀಗೆ ಒಂದೊಂದೇ ಮನೆ ಬಿಡುತ್ತಾ ಬಂದೆವು.

ಉಳಿದದ್ದು ಈ ಮೈದಾನ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಬೋರ್ಡಿಲ್ಲ, ನಂಬರಿಲ್ಲ, ದಾರಿಯಿಲ್ಲ. ಬಿದಿರುಕಡ್ಡಿಗೆ ಕೆಂಪು ರಿಬ್ಬನ್ ಕಟ್ಟಿದ್ದರೆ ಅಲ್ಲಿಂದ ಎಸೆಯಬೇಕು ಎಂದು ಲೆಕ್ಕ, ಆ ಕಡ್ಡಿಯೂ ಮುಂದಿನ ವಾರಕ್ಕೆ ಬೇರೆಲ್ಲೋ ಇರುತ್ತಿತ್ತು. ರೋಗ ಹಿಡಿದ ಮರಗಳನ್ನು ಕೌನ್ಸಿಲ್‌ನವರು ಕಡಿದು ಹಾಕಿದ ಮೇಲಂತೂ ಹೋದ ವಾರದ ದಾರಿ ಯಾವುದೆಂದೇ ತಿಳಿಯದು. ಇದ್ದ ನಾಲ್ಕಾರು ಬುಟ್ಟಿಗಳನ್ನೇ ಅಲ್ಲಿಂದಿಲ್ಲಿಗೆ ಹೊತ್ತು ಇಟ್ಟು, ಹೇಗೆ ಬರುತ್ತದೆ ನೋಡೋಣ ಎಂದು ಆಡುತ್ತಿದ್ದರು. ಬಸ್ ಓಡಿಸಿ ರಿಟೈರಾದ ಒಬ್ಬ ಇಂಗ್ಲಿಷ್ ಮುದುಕ ತನ್ನ ನಾಯಿಯ ಜೊತೆ ಬರುತ್ತಿದ್ದ. ಪ್ರತಿ ಬುಟ್ಟಿ ಮುಗಿದ ಮೇಲೂ ಸೊಂಟದ ಮೇಲೆ ಕೈಯಿಟ್ಟು, "ಮುಂದಿನದು ಎಲ್ಲಿ ಹೋಯ್ತಪ್ಪ?" ಎಂದು ಕೇಳುತ್ತಿದ್ದ. ನಮ್ಮ ಇಂಜಿನಿಯರನೇ ನಕ್ಷೆ ಹಿಡಿದು ತಪ್ಪು ಕಡೆಗೆ ಹೋಗುತ್ತಿದ್ದ. ಇವರೂ ಕೇಳುತ್ತಿದ್ದರು, "ಮುಂದಿನದು ಎಲ್ಲಿ?" ಎಲ್ಲರೂ ನಗುತ್ತಿದ್ದರು, ಮುದುಕನಿಗೆ ನಕ್ಕ ಹಾಗೆಯೇ.

ಇವರ ಕೈಗೆ ಏನೂ ಆಗಿರಲಿಲ್ಲ. ಕ್ರಿಕೆಟ್ ಆಡಿದ ಕೈ. ಮಣಿಕಟ್ಟು ತಿರುಗಿಸಿ ಬಿಟ್ಟರೆ ಡಿಸ್ಕು ಮುಳ್ಳುಪೊದೆಗಳ ಮೇಲೆ ತೇಲಿಕೊಂಡು ಹೋಗಿ ಎಡಕ್ಕೆ ಬಾಗಿ ಇಳಿಯುತ್ತಿತ್ತು. ಕೋರ್ಸೇ ಪೂರ್ತಿಯಾಗಿಲ್ಲದ ಕಾರಣ ಯಾರೂ ಸ್ಕೋರ್ ಬರೆಯುತ್ತಿರಲಿಲ್ಲ. ಒಮ್ಮೆ ಮೈದಾನದಂಚಿನ ಕಸದ ಡಬ್ಬಿಗೆ ಗುರಿಯಿಟ್ಟು ಎಸೆದರು.

"ಡಾಕ್ಟ್ರೇ, ಅದು ನಮ್ಮ ಬುಟ್ಟಿ ಅಲ್ಲ, ಕಸದ ಡಬ್ಬಿ."

"ಗೊತ್ತು ಬಿಡಯ್ಯಾ. ನೀನು ನೆಟ್ಟಿರೋದಕ್ಕಿಂತ ಅದೇ ನೆಟ್ಟಗಿದೆ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕು ಅದನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದ. ಇವರಿಗೆ ನಿಜವಾಗಿ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಕೇಳೋಣ ಅನ್ನಿಸಿತು, ಕೇಳಲಿಲ್ಲ.

ಮಾರ್ಚ್ ಬರುತ್ತಿದ್ದ ಹಾಗೆ ಕೆಲಸ ಚುರುಕಾಯಿತು. ಎಸೆಯುವ ಜಾಗಗಳಿಗೆ ಕಾಂಕ್ರೀಟ್ ಬಿತ್ತು. ಕಾಲುದಾರಿಗೆ ಮರದ ಚಕ್ಕೆ ಹರಡಿದರು. ನಾನು ಮಳೆ ಬರಲಿ ಎಂದು ಬಯಸುತ್ತಿದ್ದೆ. ಯಾರೋ ಎರಡು ಬುಟ್ಟಿಗಳ ಸರಪಳಿ ಕದ್ದುಕೊಂಡು ಹೋದಾಗ ಎಲ್ಲರೂ ಬೈದುಕೊಳ್ಳುತ್ತಿದ್ದರು, ನಾನು ಮಾತ್ರ ಇನ್ನೊಂದೆರಡು ವಾರ ಸಿಕ್ಕಿತು ಎಂದುಕೊಂಡೆ. ಆಮೇಲೆ ಒಂದು ದಿನ ಇಂಜಿನಿಯರ್ ಖಾರಾಬಾತ್ ತಿನ್ನುತ್ತಾ ಫೋನಿನಲ್ಲಿ ಚಿತ್ರ ತೋರಿಸಿದ. ಹದಿನೆಂಟು ಬೋರ್ಡುಗಳು. ಒಂದೊಂದರಲ್ಲೂ ದಪ್ಪ ನಂಬರು, ನಕ್ಷೆ, ಮುಂದಿನ ಬುಟ್ಟಿಗೆ ಹೋಗಲು ದೊಡ್ಡದೊಂದು ಹಳದಿ ಬಾಣ.

"ಇನ್ಮೇಲೆ ಯಾರೂ ದಾರಿ ತಪ್ಪಲ್ಲ ಅಕ್ಕ. ಸಣ್ಣ ಮಕ್ಕಳೂ ಹೋಗಬಹುದು."

"ಚೆನ್ನಾಗಿದೆ ಕಣಪ್ಪ," ಅಂದೆ. ಇನ್ನೊಂದು ಚಮಚ ಬಡಿಸಿದೆ.

ಬೋರ್ಡು ಹಾಕಿದ ಭಾನುವಾರ ಕೆಲಸ ಮಾಡಿದವರೆಲ್ಲ ಒಟ್ಟಿಗೆ ಒಂದು ಸುತ್ತು ಆಡುವುದೆಂದಾಯಿತು. ಅವನು ತೆಂಗಿನಕಾಯಿ ತಂದಿದ್ದ. ಹೊಸ ಕಾಂಕ್ರೀಟಿನ ಮೇಲೆ ಒಡೆದಾಗ ಇಂಗ್ಲಿಷಿನವರು ಚಪ್ಪಾಳೆ ತಟ್ಟಿದರು, ನಾಯಿ ಕಾಯಿನೀರು ನೆಕ್ಕಿತು. ಆಮೇಲೆ ಪಕ್ಕಕ್ಕೆ ಸರಿದು ನಿಂತು ಹೇಳಿದ, "ಡಾಕ್ಟ್ರೇ, ಹಿರಿಯರು ನೀವು. ನೀವು ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ."

"ನೀನು ಕಟ್ಟಿದ್ದು, ನೀನೇ ನಡಿಯಪ್ಪ," ಅಂದೆ ನಾನು.

"ಚೆನ್ನಾಗಿ ಹೇಳಿದ್ರಿ. ಡಾಕ್ಟ್ರು ಇರುವಾಗ ನಾನು ಮುಂದೆ ಹೋಗ್ಲಾ ಅಕ್ಕ?"

ಬೇಡ ಎನ್ನಲು ಕಾರಣ ಬೇಕಲ್ಲ. ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವ ಹಾಗಿರಲಿಲ್ಲ. ಇವರು ಕೋಟಿನ ಜಿಪ್ ಎಳೆದುಕೊಂಡು, ವಾರ್ಡಿನಲ್ಲಿ ರೌಂಡ್ಸ್‌ಗೆ ಹೊರಟ ಹಾಗೆ ಮುಂದೆ ನಡೆದರು. ಹಿಂದೆ ಎಲ್ಲರೂ.

ಮೊದಲ ಬುಟ್ಟಿ ಕಣ್ಣೆದುರೇ ಇತ್ತು, ಚೆನ್ನಾಗಿ ಆಡಿದರು. ಆಮೇಲೆ ಬೋರ್ಡಿನ ಮುಂದೆ ನಿಂತು ಅದರಲ್ಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿದರು. ಒಂದಕ್ಷರ ತಪ್ಪಲಿಲ್ಲ. ಓದಿ ಮುಗಿಸಿ, ಬಾಣ ಬಲಕ್ಕಿದ್ದರೆ ಎಡಕ್ಕೆ ತಿರುಗಿ ಮುಳ್ಳುಪೊದೆಗಳ ಕಡೆ ಹೊರಟರು. ಮುಂದಾಳು ಹೋದ ಮೇಲೆ ಏನು, ಸಾಲಿಗೆ ಸಾಲೇ ಹಿಂದೆ ಹೋಯಿತು. ಸ್ವಲ್ಪ ದೂರ ಹೋದ ಮೇಲೆ ಮುದುಕ ನಕ್ಕು, "ಡಾಕ್, ಬಾಣ ಆ ಕಡೆಗಿದೆ," ಎಂದ. ಇವರು ನಿಂತರು. ವಾಪಸ್ ಬಂದು ಬಾಣವನ್ನು ನೋಡಿದರು. ಬೆರಳಿನಿಂದ ಅದರ ಮೇಲೆ ಗೆರೆ ಎಳೆದ ಹಾಗೆ ಮಾಡಿದರು. ಮತ್ತೆ ಮುಳ್ಳಿನ ಕಡೆಗೇ ನಡೆದರು.

ಈ ಸಲ ಯಾರೂ ಹಿಂದೆ ಹೋಗಲಿಲ್ಲ, ಯಾರೂ ನಗಲಿಲ್ಲ. ಇಂಜಿನಿಯರ್ ನನ್ನ ಕಡೆ ತಿರುಗಿದ. ನಾನು ನೆಲ ನೋಡಿದೆ. ಅಷ್ಟು ಸಾಕಾಯಿತು ಅವನಿಗೆ. ಓಡಿಹೋಗಿ ಇವರ ಮೊಣಕೈ ಹಿಡಿದುಕೊಂಡು, ಕಿವಿ ಕೇಳದವರಿಗೆ ಹೇಳುವ ಹಾಗೆ, "ಈ ಕಡೆ ಬನ್ನಿ ಸರ್. ಹಾಂ... ನಿಧಾನ. ಅಲ್ಲಿ ಕಲ್ಲಿದೆ," ಎಂದ. ಅಷ್ಟು ದಿನ ಡಾಕ್ಟ್ರೇ ಅನ್ನುತ್ತಿದ್ದವನು ಸರ್ ಅಂದ. ಇವರು ತಮ್ಮ ಮೊಣಕೈಯನ್ನು ಒಮ್ಮೆ, ಅವನ ಮುಖವನ್ನು ಒಮ್ಮೆ ನೋಡಿ ಜೊತೆಗೆ ನಡೆದರು. ಉಳಿದ ಬುಟ್ಟಿಗಳಿಗೆಲ್ಲ ಅವನು ಬೆರಳು ತೋರಿಸಿದ ಕಡೆಗೆ ಎಸೆದರು. ಒಂದೂ ತಮಾಷೆಯ ಮಾತಾಡಲಿಲ್ಲ.

ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಾ ಕೇಳಿದರು, "ಗೊತ್ತಾಗಿಹೋಯ್ತಲ್ವಾ ಅವನಿಗೆ?"

"ಹೂಂ ರೀ."

"ಒಳ್ಳೇ ಹುಡುಗ," ಎಂದರು.

ಒಳ್ಳೆಯವನೇ. ಆ ವಾರ ಅವನ ಹೆಂಡತಿ ಹೋಳಿಗೆ ಕಳಿಸಿದಳು. ದೇವಸ್ಥಾನದಿಂದ ಮೂರು ಜನ ಫೋನ್ ಮಾಡಿದರು, ಮೂವರೂ ನನಗೇ. ಇವರು ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದರು. ಒಬ್ಬರೂ, ಸ್ವಲ್ಪ ಅವರಿಗೆ ಕೊಡಿ ಅನ್ನಲಿಲ್ಲ.

ಮುಂದಿನ ಭಾನುವಾರ ಅಭ್ಯಾಸಬಲದಿಂದ ಹೋದೆವು. ಕೋರ್ಸ್ ತುಂಬ ಹೊಸ ಜನ, ಮಕ್ಕಳುಮರಿ. ಕಾರು ನಿಲ್ಲಿಸಿದ್ದೇ ಅವನು ಬಂದು ನನ್ನ ಪಕ್ಕದ ಕಿಟಕಿಗೆ ಬಗ್ಗಿದ.

"ಅಕ್ಕ, ಇವತ್ತು ಆಡ್ತಾರಂತಾ?"

ಇವರು ನನ್ನ ಪಕ್ಕದಲ್ಲೇ, ಕೈಯಲ್ಲಿ ಡಿಸ್ಕ್ ಹಿಡಿದು, ಎದುರಿನ ಗಾಜಿನಲ್ಲಿ ನೇರವಾಗಿ ನೋಡುತ್ತಾ ಕೂತಿದ್ದರು.

"ಇಲ್ಲಪ್ಪ," ಅಂದೆ ನಾನು. "ಇವತ್ತು ಬೇಡ ಅಂತಾರೆ."

ಅವರು ಹಾಗೆ ಅಂದಿರಲಿಲ್ಲ. ನಾನು ಅವರನ್ನು ಕೇಳಿಯೂ ಇರಲಿಲ್ಲ.