ಮಾವನ ರೇಸ್ ಸೈಕಲ್ಲಿನ ಹಿಂದಿನ ಚಕ್ರ

ಮೂಡಿಗೆರೆಯಲ್ಲಿ ಪೈಪು, ಮೊಳೆ, ತಂತಿ ಮಾರುವ ಹಾಲೇಶನಿಗೆ ಹಳೇ ಸೈಕಲ್ಲಿನ ವಯಸ್ಸು ಹೇಳುವ ವಿದ್ಯೆ ಗೊತ್ತಿದೆಯೆಂದು ಕಳಸದವರೆಗೂ ಹೆಸರು. ವಿದ್ಯೆ ಇಷ್ಟೇ: ಕೆಲವು ವಿಲಾಯಿತಿ ಸೈಕಲ್ಲುಗಳಲ್ಲಿ ಹಿಂದಿನ ಚಕ್ರದ ನಡುವಿನ ಹಬ್ ಮೇಲಿನ ಗ್ರೀಸ್ ಒರೆಸಿದರೆ ತಯಾರಾದ ಇಸವಿಯ ಕೊನೆಯ ಎರಡು ಅಂಕೆ ಕಾಣುತ್ತವೆ. ಅದನ್ನು ಓದಿ ತಕ್ಷಣ ಹೇಳಿಬಿಟ್ಟರೆ ಮರ್ಯಾದೆ ಎಲ್ಲಿಂದ ಬರಬೇಕು? ಆದ್ದರಿಂದ ಹಾಲೇಶ್ ಎದ್ದು ನಿಂತು, ಸೀಟು ತಟ್ಟಿ, ಬೆಲ್ ಬಾರಿಸಿ, ಮೋಡ ನೋಡಿ, ಆಮೇಲೆ ಹೇಳುತ್ತಿದ್ದ. ಐವತ್ತೆರಡು ವರ್ಷಕ್ಕೆ ಹೊಟ್ಟೆಯೊಂದನ್ನು ಬಿಟ್ಟರೆ ಅವನು ಸಂಪಾದಿಸಿದ್ದು ಈ ಹೆಸರನ್ನೇ.

ಮಲ್ಲಂದೂರಿನ ಮಾವ ಜಯದೇವಪ್ಪನವರ ರೇಸ್ ಸೈಕಲ್ಲಿಗೆ ಮಾತ್ರ ಅವನು ಕೈ ಹಾಕಿರಲಿಲ್ಲ. ಎಪ್ಪತ್ತೊಂದರಲ್ಲಿ, ತಮ್ಮ ಮದುವೆಗೆ ಮೂರು ವರ್ಷ ಮುಂಚೆ, ಚಿಕ್ಕಮಗಳೂರಿನ ರೇಸಿನಲ್ಲಿ ಮಾವ ಮೊದಲು ಬಂದು ಗೆದ್ದ ಸೈಕಲ್ಲಂತೆ ಅದು. ಕಥೆ ಯಾವಾಗಲೂ ಮುಗಿಯುವುದು ಒಂದೇ ಮಾತಿನಲ್ಲಿ: "ಇವತ್ತಿಗೂ ಒಂದು ನಟ್ಟು ಬದಲಾಗಿಲ್ಲ."

ಈಗ ಚಿಕ್ಕಮಗಳೂರಿನಲ್ಲಿ ಹಳೇ ಸೈಕಲ್ಲುಗಳ ಪ್ರದರ್ಶನ. ಮಾವನ ಸೈಕಲ್ಲಿಗೂ ಮಾಡೆಲ್ಲು, ಇಸವಿ ಬರೆದ ರಟ್ಟು ತೂಗುಹಾಕಬೇಕು. ಭಾನುವಾರ ಕಾಫಿ ಕಣದಲ್ಲಿ ನೆಂಟರೆಲ್ಲ ಕುರ್ಚಿ ಹಾಕಿಕೊಂಡು ಕೂತರು.

"ಅಳಿಯಂದ್ರೇ ಹೇಳ್ಲಿ. ನಾನು ಹೇಳಿದ್ರೆ ಜಂಬ ಅಂತಾರೆ," ಎಂದರು ಮಾವ.

ಷಡ್ಡಕ ಬಸವಪ್ರಸಾದ್ ಮೊಬೈಲಿನ ಬೆಳಕು ಹಿಡಿದು ಪಕ್ಕದಲ್ಲೇ ನಿಂತ. ಅವನಿಗೆ ಹಾಲೇಶನ ವಿದ್ಯೆಯ ಮೇಲೆ ಹಳೇ ಅನುಮಾನ.

ಪೆಡಲ್ ಬುಡದಲ್ಲಿ ಕೊರೆದ ಫ್ರೇಮ್ ನಂಬರು ಬಣ್ಣದಡಿ ಹೂತುಹೋಗಿತ್ತು. ಪ್ರತಿ ಆಯುಧಪೂಜೆಗೂ ಗೇಟಿಗೆ ಬಳಿದು ಮಿಕ್ಕ ಬಣ್ಣವೆಲ್ಲ ಆ ಸೈಕಲ್ಲಿಗೇ. ಹಾಲೇಶ್ ಹಬ್ ಒರೆಸಿದ. 78. ಒರೆಸಿದ ಗ್ರೀಸನ್ನು ಅಷ್ಟೇ ಬೇಗ ವಾಪಸ್ ಹಚ್ಚಿದ.

ಎಪ್ಪತ್ತೊಂದು ಎಂದರೆ ಷಡ್ಡಕ ಬಗ್ಗಿ ನೋಡುತ್ತಾನೆ, ಇದ್ದೊಂದು ಹೆಸರೂ ಹೋಯಿತು. ಎಪ್ಪತ್ತೆಂಟು ಎಂದರೆ ಮಾವನ ರೇಸ್ ಹೋಯಿತು, ಮೂಡಿಗೆರೆಯವರೆಗೆ ಕಾರಿನಲ್ಲಿ ಹೆಂಡತಿ ಶಿಲ್ಪಾ ತುಟಿ ಬಿಚ್ಚುವುದಿಲ್ಲ. ಚಕ್ರ ಬದಲಾಗಿದೆ ಎಂದರೆ ನಟ್ಟಿನ ಮಾತು ಬಿತ್ತು.

"ಮಾಡೆಲ್ಲು ಇಂಗ್ಲಿಷ್ ರೇಸಿಂದು," ಎಂದು ಎಳೆದ. "ಬಗ್ಗಿದ ಹ್ಯಾಂಡಲ್ ನೋಡಿ. ಪೈಪು ಸೇರೋ ಕಡೆ ಎಲೆ ಥರ ಹೆಂಗೆ ಕೊರೆದಿದಾರೆ ನೋಡಿ."

"ನೋಡಿದ್ವಿ ಹಾಲೇಶಣ್ಣ. ಇಸವಿ?" ಎಂದ ಷಡ್ಡಕ.

ಸೀಟು ತಟ್ಟಿದ. ಬೆಲ್ ಎರಡು ಸಲ ಬಾರಿಸಿದ. ತಲೆ ಎತ್ತಿದರೆ ಡಿಸೆಂಬರ್ ಬಿಸಿಲು, ನೋಡಲು ಒಂದು ಮೋಡವೂ ಇಲ್ಲ.

"ಹಬ್ ಮೇಲೆ ಏನೋ ಇದ್ದಂಗಿತ್ತಲ್ಲ," ಎಂದು ಬಸವಪ್ರಸಾದ್ ಪಂಚೆ ಎತ್ತಿ ಕಟ್ಟಿದ.

ಅತ್ತೆ ಗಿರಿಜಾಂಬಾ ಕಾಫಿ ತಟ್ಟೆ ಹಿಡಿದು ಮೆಟ್ಟಿಲಿಳಿದರು. "ಹಿಂದಿನ ಚಕ್ರ ನೋಡ್ಬೇಡಿ. ಅದನ್ನ ಬದಲಾಯ್ಸಿದ್ದು ನಾನು."

"ಯಾವಾಗ?" ಎಂದರು ಮಾವ.

"ಎಪ್ಪತ್ತೆಂಟರಲ್ಲಿ. ನೀವು ಹೊರನಾಡು ದೇವಸ್ಥಾನಕ್ಕೆ ಹೋದಾಗ ಕಾಫಿ ಮೂಟೆ ಬಿದ್ದು ಸೊಟ್ಟಗಾಯ್ತು. ಮೇಸ್ತ್ರಿಗೆ ಹೇಳಿ ಬೇರೆ ಹಾಕಿಸ್ದೆ."

ಹಬ್ ಮೇಲಿನ ಇಸವಿಯನ್ನು ಹಾಲೇಶ್ ಇನ್ನೂ ಯಾರಿಗೂ ಹೇಳಿರಲಿಲ್ಲ.

"ಉಳಿದದ್ದೆಲ್ಲ ಎಪ್ಪತ್ತೊಂದು. ಅಲ್ವಾ ಹಾಲೇಶಪ್ಪನವ್ರೇ?" ಅತ್ತೆ ಲೋಟವನ್ನು ಅವನ ಕೈಗಿಟ್ಟು, ಬಿಡದೆ ಹಿಡಿದೇ ನಿಂತರು.

"ಎಪ್ಪತ್ತೊಂದು," ಎಂದ ಹಾಲೇಶ್. ಅತ್ತೆ ಲೋಟ ಬಿಟ್ಟರು. ಷಡ್ಡಕ ಪಂಚೆ ಇಳಿಸಿದ.

ಜಯದೇವಪ್ಪನವರ ಮುಖ ಬಾಡಿತ್ತು. "ಒಂದು ನಟ್ಟು ಬದಲಾಗಿಲ್ಲ ಅಂತ ಇಷ್ಟು ವರ್ಷ ಊರಿಗೆಲ್ಲ ಹೇಳ್ಕಂಡು ಬಂದೆ. ನನ್ನ ಸುಳ್ಳುಗಾರನ್ನ ಮಾಡಿದ್ಯಲ್ಲ ಗಿರಿಜಾ."

"ತಪ್ಪಾಯ್ತು," ಎಂದರು ಅತ್ತೆ.

ಅರ್ಧ ಲೋಟ ಕಾಫಿಗೆ ಮಾವ ಚೇತರಿಸಿಕೊಂಡರು. "ಪ್ರದರ್ಶನದ ಮೂರು ದಿನವೂ ಅಳಿಯಂದ್ರು ಸೈಕಲ್ ಪಕ್ಕ ನಿಲ್ಲಲಿ. ಕೇಳಿದೋರಿಗೆ ನನ್ನ ರೇಸಿನ ವಿಷಯ ಹೇಳಕ್ಕೆ ತಿಳಿದೋರು ಬೇಕು."

ಹಾಲೇಶ್ ಅತ್ತೆಯ ಕಡೆ ನೋಡಿದ. ಅವರು ಖಾಲಿ ಲೋಟ ತೆಗೆದುಕೊಳ್ಳಲು ಬಗ್ಗಿ, ಅವನಿಗಷ್ಟೇ ಕೇಳುವ ಹಾಗೆ ಹೇಳಿದರು:

"ಮೊದಮೊದ್ಲು ಹೇಳಕ್ಕೆ ಕಷ್ಟ ಆಗುತ್ತೆ. ನಂಗೂ ಆಗಿತ್ತು."