ತುಟಿಯೊಳಗಿನ ಪ್ರಾರ್ಥನೆ

ಸಿಟ್ಟನ್ನು ನುಂಗಿ ನುಂಗಿ ನನಗೆ ಸಾಕಾಗಿಹೋಗಿದೆ. ಕಲ್ಕತ್ತದ ಟಾಲಿಗಂಜಿನಲ್ಲಿರುವ ನಮ್ಮ ಫ್ಲ್ಯಾಟಿನ ಕೆಳಗೆ ಆಟೋದವರು ಸಾಲಿನ ವಿಷಯಕ್ಕೆ ದಿನಾ ಕಿತ್ತಾಡುತ್ತಾರೆ. ಬಾಯಿಗೆ ಬಂದದ್ದು ಅಂದು, ಸ್ವಲ್ಪ ಹೊತ್ತಿಗೆಲ್ಲ ಒಟ್ಟಿಗೆ ನಿಂತು ಮಣ್ಣಿನ ಕಪ್ಪಿನಲ್ಲಿ ಚಹಾ ಕುಡಿಯುತ್ತಾರೆ. ಯೂನಿವರ್ಸಿಟಿಯಿಂದ ಹೆಣಭಾರದ ಕಾಲೆಳೆದುಕೊಂಡು ಬರುವಾಗ ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಎಷ್ಟು ಆರಾಮಾಗಿ ಕೂಗಿಬಿಡುತ್ತಾರಲ್ಲ ಅನ್ನಿಸುತ್ತದೆ.

ನಾನು ಬೆಳೆದದ್ದು ಬೆಟಗೇರಿಯ ಮಿಶನ್ ಕಾಂಪೌಂಡಿನಲ್ಲಿ. ಮೂಗಿನ ತುದಿಯಲ್ಲೇ ಸಿಟ್ಟು ಇದ್ದ ಹುಡುಗಿ ನಾನು. ಸಂಡೇಸ್ಕೂಲಿನಲ್ಲಿ ಬೈಬಲ್ ಹೇಳುವ ಆತ್ಮನ ಫಲಗಳನ್ನು ಬಾಯಿಪಾಠ ಒಪ್ಪಿಸುವಾಗ ಕೊನೆಯದು ಶಮೆದಮೆ. ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು ಅಂತ ಅರ್ಥ. ಆ ಪದ ಒಪ್ಪಿಸುತ್ತಲೇ ಪಕ್ಕದ ಹುಡುಗಿಯ ತೊಡೆ ಚಿವುಟಿದವಳು ನಾನು. ಅವ್ವ ಅದಕ್ಕೊಂದು ಮದ್ದು ಕೊಟ್ಟಳು. "ಬಾಯಿ ತೆಗಿಯೂಕಿಂತ ಮೊದಲ ಕರ್ತನ ಪ್ರಾರ್ಥನಿ ಒಮ್ಮಿ ಮನಸ್ನ್ಯಾಗ ಹೇಳವಾ. ಆಮೆನ್ ಅನ್ನೂದರಾಗ ಅರ್ಧಾ ಸಿಟ್ಟು ಇಳದಿರತದ. ಇಳೀಲಿಲ್ಲಾಂದ್ರ ಇನ್ನೊಮ್ಮಿ ಹೇಳು."

ಮದ್ದು ಕೆಲಸ ಮಾಡಿತು. ಅದರ ಬಲದಿಂದಲೇ ಅತ್ತೆಮನೆಯನ್ನು ನಿಭಾಯಿಸಿದೆ, ಡಿಪಾರ್ಟ್‌ಮೆಂಟಿನ ಮೀಟಿಂಗುಗಳನ್ನು ನಿಭಾಯಿಸಿದೆ. ಹಳೇ ಮೀನನ್ನು ತಾಜಾ ಎಂದು ಕಟ್ಟುವವನ ಎದುರಿಗೂ ತುಟಿಯೊಳಗೇ ಪ್ರಾರ್ಥನೆ ಮುಗಿಸಿ, ನಕ್ಕು, ಮುಂದಿನ ಅಂಗಡಿಗೆ ಹೋದೆ. ಮಗಳು ಹುಟ್ಟಿದ ಮೇಲಂತೂ ದಿನಕ್ಕೆ ಎಷ್ಟು ಸಲವೋ. "ನಮ್ಮ ಮನ್ಯಾಗ ದನಿ ಏರೂದಿಲ್ಲ ನೋಡ್ರಿ" ಎಂದು ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಬೇರೆ ಹೇಳಿದ್ದೆ. ಎಲ್ಲರೂ ತಲೆದೂಗಿದ್ದರು.

ಮಗಳಿಗೆ ಈಗ ಹದಿನೇಳು. ಇಲ್ಲೇ ಹುಟ್ಟಿದವಳು. ಅಪ್ಪನ ಬೆಂಗಳೂರು ಕನ್ನಡಕ್ಕೆ ಬಂಗಾಳಿ, ಹಿಂದಿ, ಇಂಗ್ಲಿಷು ಎಲ್ಲ ಕಲಸಿ ಮಾತಾಡುತ್ತಾಳೆ, ನನ್ನನ್ನು 'ಮಾ' ಅನ್ನುತ್ತಾಳೆ. ಮೀನಿನ ಮುಳ್ಳು ಬಿಡಿಸುವುದರಲ್ಲಿ ಪಕ್ಕಾ ಬಂಗಾಳಿ. ಅಂಥವಳು ಹೋದ ಬೇಸಿಗೆಯಲ್ಲಿ ಮೂರ್ನಾಲ್ಕು ದಿನ ಮೀನು ಬೇಡ ಎಂದಳು, ಅನ್ನಕ್ಕೆ ಚಮಚ ಕೇಳಿದಳು. ಆ ಧಗೆಯಲ್ಲೂ ತೋಳು ಮುಚ್ಚುವ ಅಂಗಿಯನ್ನೇ ಹಾಕುತ್ತಿದ್ದಳು. ನೋಡಿದೆ, ಯಾಕೆಂದು ಕೇಳುವಷ್ಟು ತ್ರಾಣ ಇರಲಿಲ್ಲ. ಪರೀಕ್ಷೆಯ ಪೇಪರುಗಳ ಕಟ್ಟು ಮೇಜಿನ ಮೇಲೆ ಕೂತಿತ್ತು, ಗಂಡ ಆಫೀಸಿನ ಕೆಲಸಕ್ಕೆಂದು ಊರು ಬಿಟ್ಟಿದ್ದ.

ಆ ಭಾನುವಾರ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಕನ್ನಡದ ಪ್ರಾರ್ಥನಾ ಕೂಟ. ನಿವೃತ್ತಿಯಾದ ಮೈಸೂರಿನ ಮೇಡಂ ಒಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ನಾಲ್ಕಾರು ಕುಟುಂಬ ಸೇರುತ್ತೇವೆ. ಕೊನೆಗೆ ಊರ ಸಭೆಯ ಪದ್ಧತಿಯಂತೆ ಒಬ್ಬರಿಗೊಬ್ಬರು ಸಮಾಧಾನ ಹಂಚುತ್ತೇವೆ: ಎದುರಿನವರ ಬಲಗೈಯನ್ನು ನಮ್ಮ ಎರಡೂ ಕೈಗಳ ನಡುವೆ ಹಿಡಿದು ಒತ್ತುವುದು. ನಾನು ಮಗಳ ಕಡೆ ತಿರುಗಿದೆ. ಅವಳು ಎಡಗೈ ಚಾಚಿದಳು.

"ಬಲಗೈ ಕೊಡವಾ" ಎಂದು ನಾನೇ ಎಳೆದುಕೊಂಡು ಒತ್ತಿದೆ. ಹುಡುಗಿ ಚೀರಿಬಿಟ್ಟಳು.

ಅಂಗಿಯ ತೋಳು ಮೇಲೆ ಸರಿಸಿದೆ. ಕ್ರೇಪ್ ಬ್ಯಾಂಡೇಜ್ ಬಿಚ್ಚಿದರೆ ಮಣಿಕಟ್ಟು ಬದನೆಕಾಯಿಯ ಹಾಗೆ ಊದಿ ನೀಲಿಗಟ್ಟಿತ್ತು.

"ಏನಿದು?"

"ಕಿಚ್ಛು ನಾ, ಮಾ. ಏನಿಲ್ಲ."

"ಏನಿಲ್ಲ ಅಂದ್ರ? ಯಾವಾಗಾತು?"

"ಬುಧವಾರ. ಫ್ರೆಂಡ್ ಸ್ಕೂಟಿ ಓಡ್ಸೋಕೆ ಹೋಗಿ ಬಿದ್ದೆ. ನ್ಯೂ ಟೌನಲ್ಲಿ."

ಆ ಸ್ಕೂಟಿ ಮುಟ್ಟಬೇಡ ಎಂದು ಎಷ್ಟೋ ಸಲ ಹೇಳಿದ್ದೆ. ಅದರ ಮೇಲೆ ನಾಲ್ಕು ದಿನ ನನ್ನ ಎದುರಿಗೇ ಕೂತು, ನೋವು ತಿಂದು, ಬಾಯಿ ಬಿಟ್ಟಿಲ್ಲ. ಸಿಟ್ಟು ನೆತ್ತಿಗೇರಿತು. ಅಷ್ಟು ಜನರ ಮುಂದೆ ಕೂಗಬಾರದಲ್ಲ. ಕಣ್ಣು ಅರೆಮುಚ್ಚಿದೆ, ತುಟಿ ತಾನಾಗಿ ಅಲ್ಲಾಡತೊಡಗಿತು.

ಮಗಳು ಕೈಯನ್ನು ಎದೆಗವಚಿಕೊಂಡು ಗೋಡೆಗೆ ಸರಿದಳು. "ಮಾ, ಪ್ಲೀಸ್, ಪ್ರಾರ್ಥನೆ ಮಾಡ್ಬೇಡ! ಬೈದ್ಬಿಡು. ಬೇಕಾದ್ರೆ ಹೊಡಿ. ಅದೊಂದು ಬೇಡ."

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಯಲ್ಲಿ ದನಿ ಏರುವುದಿಲ್ಲ ಎಂದು ನಾನು ಸಾಕ್ಷಿ ಹೇಳಿದ್ದು ಇದೇ ಕೋಣೆಯಲ್ಲಿ. ಎಲ್ಲರೂ ನೆಲ ನೋಡಿದರು. ಕಡೆಗೆ ಮೇಡಂ ಎದ್ದರು. "ಮೊದಲು ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗಿಮ್ಮಾ. ಮಿಕ್ಕಿದ್ದೆಲ್ಲ ಆಮೇಲೆ" ಎಂದು ತಾವೇ ಕ್ಯಾಬ್ ಕರೆಸಿದರು.

ಎಕ್ಸ್‌ರೇಯಲ್ಲಿ ಎಲುಬು ಬಿರುಕು ಬಿಟ್ಟದ್ದು ಕಂಡಿತು. ಪ್ಲಾಸ್ಟರಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ಕೇಳಿದೆ, "ಪ್ರಾರ್ಥನಿ ಅಂದ್ರ ಯಾಕಷ್ಟು ಅಂಜಿಕಿ ನಿನಗ?"

ಮೊದಲು "ಧ್ಯಾತ್, ಬಿಡು" ಅಂದಳು. ಆಮೇಲೆ ನಿಧಾನಕ್ಕೆ ಶುರುಮಾಡಿದಳು. "ಚಿಕ್ಕೋಳಿದ್ದಾಗಿಂದ ನಿನ್ನ ಲಿಪ್ಸ್ ನೋಡ್ತೀನಿ, ಮಾ. ಅದು ಅಲ್ಲಾಡ್ತು ಅಂದ್ರೆ ನನ್ ಕತೆ ಮುಗೀತು. ಆಮೇಲೆ ನೀನು ನಗ್ತೀಯ, 'ಆತು, ಊಟಾ ಮಾಡು' ಅಂತೀಯ. ಅಷ್ಟೇ. ಎಷ್ಟೋ ದಿನ ಹಾಗೇ, ಗೆಸ್ಟ್ ಥರ ಮಾತಾಡಿಸ್ತೀಯ. ನಾನೇನು ಮಾಡಿದೆ, ನಿಂಗೆಷ್ಟು ಕೋಪ ಬಂತು, ಒಂದೂ ಗೊತ್ತಾಗಲ್ಲ. ಚರ್ಚಲ್ಲಿ ಎಲ್ರೂ ಒಟ್ಟಿಗೆ ಅದನ್ನ ಹೇಳಿದ್ರೂ ನಾನೇನು ತಪ್ಪು ಮಾಡ್ದೆ ಅಂತ ಹುಡುಕ್ತೀನಿ. ಅದಕ್ಕೇ ಹೇಳ್ಲಿಲ್ಲ."

ಎಂಥಾ ಕೆಲಸ ಮಾಡಿಟ್ಟೆ ದೇವರೇ! ಅವ್ವ ನನಗೆ ನೆಮ್ಮದಿಗೆಂದು ಕೊಟ್ಟದ್ದು ನನ್ನ ಮಗುವನ್ನು ಅಂಜಿಸುವ ಗುರುತಾಗಿತ್ತು. ಹೆತ್ತ ತಾಯಿಗೆ ಮುರಿದ ಕೈ ತೋರಿಸಲಾರದಷ್ಟು. ಅಳು ಬಂತು, ಅದನ್ನೂ ನುಂಗಲು ಹೊರಟವಳು ಬಿಟ್ಟುಬಿಟ್ಟೆ.

"ನನಗ ಈಗ ಸಿಟ್ಟು ಬಂದದ" ಎಂದೆ. "ಸ್ಕೂಟಿಗೂ ಬಂದದ, ಮುಚ್ಚಿಟ್ಟದ್ದಕ್ಕೂ ಬಂದದ. ಅಂಜಿಕಿನೂ ಆಗೇದ, ತಲಿ ಒಡಕೊಂಡಿದ್ರ ಏನು ಗತಿ ಅಂತ."

ಅವಳು ಬೆರಗಾಗಿ ನೋಡಿದಳು. "ಯಾವ್ದು ಜಾಸ್ತಿ?"

"ಅಂಜಿಕಿ."

"ಹ್ಞಂ" ಎಂದು ಭುಜಕ್ಕೆ ಒರಗಿದಳು. ಬೆವರಿನಿಂದ ಇಬ್ಬರೂ ಅಂಟಂಟಾಗಿದ್ದೆವು.

ಮರುದಿನ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ನನ್ನನ್ನು ಸಂತೈಸುವ ಪೈಕಿಯಲ್ಲ ಅವಳು. "ಅಯ್ಯ ನನ ಮಗಳ! ಬಾಯಿ ತೆಗಿಯೂಕಿಂತ ಮೊದಲ ಹೇಳು ಅಂದಿದ್ನಿ. ಆಮ್ಯಾಲೆ ಬಾಯಿ ತೆಗೀಬ್ಯಾಡ ಅಂದಿದ್ನೇನು?" ಎಂದಳು. ನಿಜ. ಅವ್ವ ಅಡುಗೆಮನೆಯಲ್ಲಿ ಪ್ರಾರ್ಥನೆ ಮುಗಿಸಿ ಹೊರಗೆ ಬಂದು, ನನ್ನನ್ನು ಎದುರು ಕೂರಿಸಿಕೊಂಡು, "ಇಂಥಾದ್ದಕ್ಕ ನನಗ ಸಿಟ್ಟು ಬಂದದ" ಎಂದು ಬಿಡಿಸಿ ಹೇಳುತ್ತಿದ್ದಳು. ನಾನು ಆ ಎರಡನೆಯ ಪಾಲನ್ನು ಮರೆತು, ಮೊದಲನೆಯದನ್ನೇ ಇಷ್ಟು ವರ್ಷ ದೊಡ್ಡ ಭಕ್ತಿ ಅಂತ ಮಾಡಿಕೊಂಡು ಬಂದೆ.

ಈಗ ನನ್ನ ಪ್ರಾರ್ಥನೆ ಬೆಳಿಗ್ಗೆ, ಅವಳು ಏಳುವ ಮೊದಲು, ಬಾಲ್ಕನಿಯಲ್ಲಿ. ಸಿಟ್ಟು ಬಂದಾಗ ಬಾಯಿಬಿಟ್ಟು ಹೇಳುತ್ತೇನೆ. ನುಂಗುವುದಕ್ಕಿಂತ ಇದೇ ಹೆಚ್ಚು ದಣಿವು. ಅಳತೆ ತಪ್ಪದ ಹಾಗೆ ಹೇಳಬೇಕಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ಸಂಜೆ ನಾನು ಮೀನಿಗೆ ಅರಿಸಿನ ಸವರುತ್ತಿದ್ದೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಮಾ, ಒಂದು ವಿಷ್ಯ ಹೇಳ್ಬೇಕು. ಪ್ರಾರ್ಥನೆ ಮಾಡಲ್ಲ ಅಂತ ಮೊದ್ಲು ಪ್ರಾಮಿಸ್ ಮಾಡು."

ಪ್ರಾರ್ಥನೆ ಮಾಡುವುದಿಲ್ಲ ಎಂದು ಮಗಳಿಗೆ ಮಾತು ಕೊಡುವ ಕಾಲ ಬರುತ್ತದೆಂದು ಮಿಶನ್ ಕಾಂಪೌಂಡಿನ ಯಾವ ಹಿರಿಯರೂ ನನಗೆ ಹೇಳಿರಲಿಲ್ಲ. "ಮಾಡೂದಿಲ್ಲ. ಹೇಳು" ಎಂದೆ.

"ಫಿಸಿಕ್ಸಲ್ಲಿ ಫೇಲ್ ಆದೆ."

ಸಿಟ್ಟು ಬಂತು, ಬರದೇ ಏನು. "ಬಂತು ನೋಡು ಸಿಟ್ಟು" ಎಂದೆ. "ಕೂಡು. ಹೆಂಗಾತು ಹೇಳು."

ಸ್ಟೂಲು ಎಳೆದುಕೊಂಡು ಕೂತಳು, ಎಲ್ಲ ಹೇಳಿದಳು. ನನ್ನ ಕಣ್ಣನ್ನು ಒಂದು ಸಲವೂ ನೋಡಲಿಲ್ಲ. ಮಾತು ಮುಗಿಯುವವರೆಗೂ ನನ್ನ ತುಟಿಯನ್ನೇ ನೋಡುತ್ತಿದ್ದಳು.